ವಾರ್ಡಿನಲ್ಲಿ ನಿಂತ ಹುಡುಗಿಗೆ ಕನ್ನಡ ಕಲಿಸಿದವರು ಯಾರು?



ಹೋದ ತಿಂಗಳು ನನ್ನ ಪ್ರೆಸ್ಸಿನಲ್ಲಿ ಒಂದು ಕೊಲೆ ತಪ್ಪಿತು. ಕತ್ತಿಯಿಲ್ಲ, ಮಚ್ಚಿಲ್ಲ. ಒಂದು ಮಾತ್ರೆ ಕವರು, ಅದರ ಮೇಲೆ ಒಂದು ಪದ, ಅಷ್ಟೇ! ಹಳೇ ಮ್ಯಾಟರಿನ ಮೇಲೆ ಹೊಸದನ್ನು ಕೂರಿಸುವಾಗ "ವಾರಕ್ಕೊಮ್ಮೆ" ಎಂದಿರಬೇಕಾದ ಕಡೆ "ದಿನಕ್ಕೊಮ್ಮೆ" ಎಂದೇ ಉಳಿದುಬಿಟ್ಟಿತ್ತು. ಪ್ರೂಫ್ ನೋಡಿದವನು ನಾನೇ. ಅಪ್ಪನ ಕಾಲದ ಅಚ್ಚುಮೊಳೆಯಿಂದ ಹಿಡಿದು ಇವತ್ತಿನ ಆಫ್‌ಸೆಟ್‌ವರೆಗೆ ಇಪ್ಪತ್ತೈದು ವರ್ಷ ಪ್ರೂಫ್ ನೋಡಿದ ಕಣ್ಣು ಇದು. ಕಾಗುಣಿತ ಸರಿಯಿತ್ತು, ಒತ್ತಕ್ಷರ ಸರಿಯಿತ್ತು. ಓಕೆ ಅಂತ ಸಹಿ ಹಾಕಿಬಿಟ್ಟಿದ್ದೆ.

ರಾತ್ರಿ ಒಂಬತ್ತಕ್ಕೆ ನನ್ನ ಅಕ್ಕನ ಮಗಳು ಆಸ್ಪತ್ರೆಯ ಡ್ಯೂಟಿ ಮುಗಿಸಿಕೊಂಡು ಬಂದಳು. ಬಿಳಿ ಕೋಟು ಮಡಿಸಿ ಬ್ಯಾಗಿಗೆ ತುರುಕಿದ್ದಳು, ಮಧ್ಯಾಹ್ನದ ಊಟ ಆಗಿರಲಿಲ್ಲವಂತೆ. ನಿಂತಲ್ಲೇ ಪ್ರೂಫ್ ಓದಿದವಳು ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಮಾಮ, ಇದು ಹೀಗೇ ಅಚ್ಚಾಗಿದ್ರೆ ಹೆಣ ಬೀಳ್ತಿತ್ತು."

ಆ ಕವರು ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯದು. ಕೀಲುಗಳು ಊದಿ ಬೆರಳು ಸೊಟ್ಟಗಾಗುವ ಸಂಧಿವಾತಕ್ಕೆ, ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆಗೆ ಕೊಡುತ್ತಾರೆ. ಇದೇ ಔಷಧವನ್ನು ಬೇರೆ ಪ್ರಮಾಣದಲ್ಲಿ ಕ್ಯಾನ್ಸರಿಗೂ ಕೊಡುತ್ತಾರೆ ಎಂದರೆ ಅದರ ಖಾರ ಎಷ್ಟೆಂದು ತಿಳಿಯಿರಿ. ಸಂಧಿವಾತಕ್ಕೆ ವಾರದಲ್ಲಿ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ನುಂಗಿದರೆ ಮೊದಲು ಬಾಯಿಯೆಲ್ಲ ಹುಣ್ಣಾಗುತ್ತದೆ, ಆಮೇಲೆ ಮೂಳೆಯೊಳಗೆ ರಕ್ತ ಹುಟ್ಟುವುದೇ ಕುಗ್ಗುತ್ತದೆ, ಸೋಂಕು ತಗುಲಿದರೆ ತಡೆಯಲು ಮೈಯಲ್ಲಿ ಬಿಳಿರಕ್ತಕಣ ಇರುವುದಿಲ್ಲ. ಇದು ಪ್ರಪಂಚದ ಎಲ್ಲ ಕಡೆ ನಡೆದಿರುವ ತಪ್ಪು, ಜೀವ ಹೋದದ್ದೂ ಇದೆ. ಇದರ ಉಪದ್ರವ ತಗ್ಗಿಸಲೆಂದು ಜೊತೆಗೆ ಕೊಡುವ ಫೋಲಿಕ್ ಆಮ್ಲದ ಮಾತ್ರೆಯೂ ಬಹಳ ಸಲ ಹಳದಿ, ಇದೂ ಹಳದಿ. ಅಕ್ಷರ ಬಾರದ ಅಜ್ಜಿಗೆ ಯಾವುದು ಯಾವುದೆಂದು ಹೇಳುವವರು ಯಾರು?

ಹೇಳುವವಳು ಈ ಹುಡುಗಿ. ಅದಕ್ಕೇ ಈ ಸಲದ ಸಂಪಾದಕೀಯ ಅವಳ ಬಗ್ಗೆ, ಅವಳಂಥವರ ಬಗ್ಗೆ.

ಅವಳು ಡಾಕ್ಟರಲ್ಲ, ನರ್ಸಲ್ಲ, ಮೆಡಿಕಲ್ ಶಾಪಿನವಳೂ ಅಲ್ಲ. ಫಾರ್ಮ್ ಡಿ ಓದುತ್ತಿರುವವಳು. ನಮ್ಮ ಹುಡುಗರಲ್ಲಿ ಹೆಚ್ಚಿನವರಿಗೆ ಈ ಕೋರ್ಸಿನ ಹೆಸರೇ ಗೊತ್ತಿಲ್ಲ. 2008ರಲ್ಲಿ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ ಇದನ್ನು ಶುರು ಮಾಡಿತು. ಪಿಯುಸಿ ವಿಜ್ಞಾನ ಆದಮೇಲೆ ಆರು ವರ್ಷ. ಐದು ವರ್ಷ ಓದು, ಆರನೆಯ ವರ್ಷ ಪೂರ್ತಿ ಆಸ್ಪತ್ರೆಯಲ್ಲಿ ದುಡಿತ. ಇದನ್ನು ಇಂಟರ್ನ್‌ಶಿಪ್ ಎಂದೂ ರೆಸಿಡೆನ್ಸಿ ಎಂದೂ ಕರೆಯುತ್ತಾರೆ. ಆರು ತಿಂಗಳು ಜನರಲ್ ಮೆಡಿಸಿನ್, ಆಮೇಲೆ ಎರಡೆರಡು ತಿಂಗಳಂತೆ ಬೇರೆ ಮೂರು ವಿಭಾಗ. ಇದಕ್ಕೂ ಮೊದಲೇ, 1990ರ ದಶಕದ ಕೊನೆಯ ಹೊತ್ತಿಗೆ, ಔಷಧ ಓದಿದವರನ್ನು ಅಂಗಡಿ ಕಾರ್ಖಾನೆಗಳಿಂದಾಚೆ ರೋಗಿಯ ಹಾಸಿಗೆಯ ಬಳಿಗೆ ಕರೆತಂದ ಕಾಲೇಜುಗಳಲ್ಲಿ ನಮ್ಮ ಮೈಸೂರಿನದೂ ಒಂದು. ಇದನ್ನು ಎದೆ ತಟ್ಟಿ ಹೇಳಿಕೊಳ್ಳಬಹುದು. ಹೇಳಿಕೊಂಡವರನ್ನು ನಾನು ಕಂಡಿಲ್ಲ.

ಅವಳ ದಿನಚರಿ ಕೇಳಿ. ಬೆಳಿಗ್ಗೆ ಎಂಟೂವರೆಗೆ ವಾರ್ಡು. ದೊಡ್ಡ ಡಾಕ್ಟರು ರೌಂಡ್ಸಿಗೆ ಬರುವ ಮುಂಚೆ ತನ್ನ ಪಾಲಿನ ರೋಗಿಗಳ ಕೇಸ್ ಶೀಟು ಓದಿ ಮುಗಿಸಬೇಕು. ಈ ಮಾತ್ರೆಗೂ ಆ ಮಾತ್ರೆಗೂ ಆಗಿಬರುತ್ತದೆಯೋ, ಮೂತ್ರಪಿಂಡ ಸೋತ ಮನುಷ್ಯನಿಗೆ ಪ್ರಮಾಣ ಇಳಿಸಬೇಕೋ, ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದ ಬಿಪಿ ಮಾತ್ರೆ ಇಲ್ಲಿನ ಚೀಟಿಯಲ್ಲಿ ಬಿಟ್ಟುಹೋಗಿದೆಯೋ... ಇದೇ ಅವಳ ಪ್ರೂಫ್ ರೀಡಿಂಗ್. ಮೂತ್ರಪಿಂಡದ ಲೆಕ್ಕಕ್ಕೆ ವಯಸ್ಸು, ತೂಕ, ರಕ್ತದ ಕ್ರಿಯಾಟಿನಿನ್ ಬೇಕು. ಎದ್ದು ನಿಲ್ಲಲಾಗದ ಮುದುಕನ ತೂಕ ನೋಡುವುದು ಹೇಗೆ? ಮಗನನ್ನು ಕೇಳಿ, ಕಣ್ಣಳತೆಯಲ್ಲಿ ಅಂದಾಜು ಮಾಡಿ, ಲೆಕ್ಕ ಹಾಕಬೇಕು. ಮೂರ್ಛೆರೋಗದ ಫೆನಿಟಾಯಿನ್ ಇಂಜೆಕ್ಷನ್ನನ್ನು ಗ್ಲೂಕೋಸ್ ಬಾಟಲಿಗೆ ಬೆರೆಸಿದರೆ ಹರಳುಗಟ್ಟುತ್ತದೆ, ಉಪ್ಪುನೀರಿನ ಡ್ರಿಪ್ಪಿನಲ್ಲೇ ಕೊಡಬೇಕು. ಯಾರೋ ಗ್ಲೂಕೋಸ್ ಬಾಟಲಿ ಕೈಗೆತ್ತಿಕೊಂಡರೆ "ಸಿಸ್ಟರ್, ಒಂದು ನಿಮಿಷ" ಎನ್ನುವ ಧೈರ್ಯ ಬೇಕು. ಇಪ್ಪತ್ತಮೂರು ವರ್ಷದ ಹುಡುಗಿ, ಇಪ್ಪತ್ತು ವರ್ಷ ಸರ್ವೀಸಾದ ಸಿಸ್ಟರಿಗೆ!

ಅವಳಿಗೆ ಚೀಟಿ ಬರೆಯುವ ಅಧಿಕಾರವಿಲ್ಲ. ತಪ್ಪು ಕಂಡರೆ ಪಿಜಿ ಡಾಕ್ಟರಿಗೆ ಹೇಳಬೇಕು. ಆತ ರಾತ್ರಿಯಿಡೀ ನಿದ್ದೆಗೆಟ್ಟವನು, "ನೀನ್ಯಾರು ಹೇಳೋಕೆ?" ಎಂದು ಕಣ್ಣು ಬಿಡುತ್ತಾನೆ. ಮೊದಲ ತಿಂಗಳು ಅವಳು ಬಾತ್‌ರೂಮಿನಲ್ಲಿ ನಿಂತು ಅತ್ತದ್ದನ್ನು ನಮ್ಮಕ್ಕ ಹೇಳಿದಳು. ಎರಡನೆಯ ತಿಂಗಳಲ್ಲಿ ಅದೇ ಪಿಜಿ "ಇದರ ಡೋಸ್ ನೋಡಿ ಹೇಳಮ್ಮ" ಎಂದು ಕೇಳತೊಡಗಿದನಂತೆ. ಇಷ್ಟೆಲ್ಲ ದುಡಿಮೆಗೆ ಅವಳಿಗೆ ಸಿಗುವ ಸ್ಟೈಪೆಂಡ್ ಸೊನ್ನೆ. ಬದಲಿಗೆ ಆ ವರ್ಷದ ಫೀಸನ್ನೂ ಅಕ್ಕ ಚಿನ್ನ ಅಡವಿಟ್ಟು ಕಟ್ಟಿದ್ದಾಳೆ. ಅಮೆರಿಕದಲ್ಲಿ ಫಾರ್ಮ್ ಡಿ ಮುಗಿಸಿ ರೆಸಿಡೆನ್ಸಿಗೆ ಸೇರಿದವರಿಗೆ ಸಂಬಳ ಕೊಡುತ್ತಾರೆ. ಇಲ್ಲಿ ನಾವೇ ದುಡ್ಡು ಕೊಟ್ಟು ದುಡಿಯಬೇಕು!

ಇನ್ನು ನಮ್ಮ ಪತ್ರಿಕೆಗೆ ಸಂಬಂಧಪಟ್ಟ ಮಾತು.

ಮಧ್ಯಾಹ್ನದ ಮೇಲೆ ಅವಳ ನಿಜವಾದ ಕೆಲಸ ಶುರು. ಡಿಸ್ಚಾರ್ಜ್ ಆಗುವವರನ್ನು ಕೂರಿಸಿಕೊಂಡು ಯಾವ ಔಷಧ ಯಾವಾಗ, ಎಷ್ಟು, ಹೇಗೆ ಎಂದು ತಿಳಿಸುವುದು. ಇದು ದಾನ ಧರ್ಮವಲ್ಲ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ಪ್ರಕಾರ ಔಷಧ ಕೊಡುವ ಫಾರ್ಮಸಿಸ್ಟು ತಾನಾಗಿ ಬಾಯಿ ತೆರೆದು ರೋಗಿಗೆ ತಿಳಿಹೇಳಬೇಕು. ನಿಮ್ಮ ಬೀದಿಯ ಮೆಡಿಕಲ್ ಶಾಪಿನವನು ಚಿಲ್ಲರೆ ಕೇಳುವುದಕ್ಕಲ್ಲದೆ ಬೇರೆ ಯಾವುದಕ್ಕಾದರೂ ಬಾಯಿ ತೆರೆದದ್ದು ಉಂಟೇ?

ಈ ತಿಳಿಹೇಳುವ ಕೆಲಸ ಇಂಗ್ಲಿಷಿನಲ್ಲಿ ಆಗುತ್ತದೆಯೇ? ಕುಣಿಗಲ್ ಕಡೆಯ ಹೆಂಗಸೊಬ್ಬರು ಬಾಯಿಹುಣ್ಣು, ಜ್ವರ ಎಂದು ಅಡ್ಮಿಟ್ ಆದರು. ಎಲ್ಲರೂ ಕೇಳಿದರು, "ಮಾತ್ರೆ ಕರೆಕ್ಟಾಗಿ ತಗೊಳ್ತಿದೀರಾ?" ಆಯಮ್ಮ, "ಹೂಂ ಸಾರ್, ತಪ್ಪದೆ." ಎಲ್ಲರಿಗೂ ಸಮಾಧಾನ. ನಮ್ಮ ಹುಡುಗಿ ಪಕ್ಕದಲ್ಲಿ ಕೂತು, "ಅಮ್ಮ, ಚೀಲ ತೆಗೀರಿ. ಸೋಮವಾರ ಯಾವ್ದು ನುಂಗಿದ್ರಿ? ಮಂಗಳವಾರ?" ಎಂದು ಕೇಳಿದಳು. ದಿನಾ ಹಳದಿ ಮಾತ್ರೆಯೇ! ಕವರಿನ ಮೇಲೆ ವಾರಕ್ಕೊಮ್ಮೆ ಎಂದು ಇಂಗ್ಲಿಷಿನಲ್ಲಿ ಗೀಚಿತ್ತು. ಆಯಮ್ಮನಿಗೆ ಕನ್ನಡ ಓದಲು ಬರುತ್ತದೆ, ನಾಲ್ಕನೆಯ ಕ್ಲಾಸು. ಇಂಗ್ಲಿಷ್ ಬಾರದು. ತಪ್ಪದೆ ತೆಗೆದುಕೊಂಡದ್ದೇ ಆಕೆಯ ತಪ್ಪಾಯಿತು. ಕೂಡಲೇ ಆ ಔಷಧ ನಿಲ್ಲಿಸಿ, ಅದರ ವಿಷ ಮುರಿಯುವ ಫೋಲಿನಿಕ್ ಆಮ್ಲ ಕೊಟ್ಟರು. ಹದಿನೈದು ದಿನ ವಾರ್ಡಿನಲ್ಲಿದ್ದು ಬದುಕಿ ಮನೆಗೆ ಹೋದರು. ನನ್ನ ಪ್ರೆಸ್ಸಿಗೆ ಕನ್ನಡ ಕವರಿನ ಕೆಲಸ ಬಂದದ್ದು ಆ ಕಾರಣಕ್ಕೆ. ಅಂಥ ಕವರಿನಲ್ಲೇ ನಾನು ಅಂಥ ತಪ್ಪು ಬಿಟ್ಟಿದ್ದೆ ಎಂದು ನೆನೆದರೆ ಈಗಲೂ ಕೈ ನಡುಗುತ್ತದೆ.

ಇನ್ಸುಲಿನ್ ವಿಷಯ ನೋಡಿ. ಒಂದು ಎಂಎಲ್‌ಗೆ 40 ಯೂನಿಟ್ ಇರುವುದೂ ಇದೆ, 100 ಯೂನಿಟ್ ಇರುವುದೂ ಇದೆ. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜು, ಎರಡನೆಯದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ನನ್ನು 40ರ ಸಿರಿಂಜಿಗೆ ಎಳೆದರೆ ಎರಡೂವರೆ ಪಟ್ಟು ಒಳಗೆ ಹೋಗುತ್ತದೆ, ಸಕ್ಕರೆ ಇಳಿದು ಮನುಷ್ಯ ಬಿದ್ದುಬಿಡುತ್ತಾನೆ. ಅಸ್ತಮಾದ ಕ್ಯಾಪ್ಸೂಲನ್ನು ಯಂತ್ರಕ್ಕೆ ಹಾಕಿ ಪುಡಿಯನ್ನು ಉಸಿರಿನ ಜೊತೆ ಎಳೆದುಕೊಳ್ಳಬೇಕು. ನೀರು ಕುಡಿದು ನುಂಗುವವರು ಬೇಕಾದಷ್ಟು ಜನ. ಕ್ಷಯದ ಔಷಧ ರಿಫಾಂಪಿಸಿನ್ ಶುರು ಮಾಡಿದರೆ ಮೂತ್ರ ಕೆಂಪುಕಿತ್ತಳೆ ಆಗುತ್ತದೆ. ಮೊದಲೇ ಹೇಳದಿದ್ದರೆ ರಕ್ತ ಹೋಗುತ್ತಿದೆ ಎಂದು ಹೆದರಿ ಔಷಧವನ್ನೇ ಬಿಟ್ಟುಬಿಡುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ಒಂದು ವಾರ ರಾಶಿ ತಿಂದು ಇನ್ನೊಂದು ವಾರ ಮುಟ್ಟದೆ ಇದ್ದರೆ ಔಷಧದ ಹಿಡಿತವೇ ತಪ್ಪುತ್ತದೆ. "ಹಸಿರು ತರಕಾರಿ ಅವಾಯ್ಡ್ ಮಾಡಿ" ಎಂದರೆ ಅರ್ಧ ಮಾತು. "ಬಸ್ಸಾರು ಬಿಡಬೇಡಿ ಅಜ್ಜಿ, ವಾರವಾರ ಒಂದೇ ಲೆಕ್ಕದಲ್ಲಿ ತಿನ್ನಿ" ಎನ್ನಬೇಕು. ಈ ಮಾತು ಯಾವ ಪಠ್ಯಪುಸ್ತಕದಲ್ಲಿದೆ?

ಹೇಳುವುದಷ್ಟೇ ಅಲ್ಲ, ಕೇಳುವುದಕ್ಕೂ ಭಾಷೆ ಬೇಕು. ಔಷಧದ ಅಡ್ಡಪರಿಣಾಮ ಪತ್ತೆ ಮಾಡಿ ವರದಿ ಕಳಿಸುವುದು ಅವಳ ಕೆಲಸ. 2010ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮವೇ ಇದೆ. 2011ರಿಂದ ಘಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ನಿಗೆ ವರದಿ ಹೋಗುತ್ತದೆ. ಆದರೆ ರೋಗಿ "ಅಡ್ಡಪರಿಣಾಮವಾಗಿದೆ" ಎಂದು ಬಂದು ಹೇಳುತ್ತಾನೆಯೇ? ಕಾಲು ಜೋಮು ಹಿಡೀತದೆ ಅನ್ನುತ್ತಾನೆ. ಹೊಟ್ಟೆ ತೊಳಸ್ತದೆ, ಎದ್ದರೆ ಕಣ್ಣು ಕತ್ತಲಿಡ್ತದೆ ಅನ್ನುತ್ತಾನೆ. ಕಲಬುರಗಿಯವನು "ಗುಳಿಗಿ ತಗೊಂಡ್ರ ಚಕ್ಕರ್ ಬರ್ತದ್ರೀ" ಅನ್ನುತ್ತಾನೆ. ರಾಮಿಪ್ರಿಲ್, ಎನಾಲಪ್ರಿಲ್‌ನಂಥ ಬಿಪಿ ಮಾತ್ರೆಗಳಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ಕೇಳುವವರಿಲ್ಲದೆ ಆರು ತಿಂಗಳು ಕೆಮ್ಮಿನ ಸಿರಪ್ಪು ಕುಡಿದವರಿದ್ದಾರೆ! ಜೋಮು ಎಂದರೇನೆಂದು ಗೊತ್ತಿಲ್ಲದವರು ಆ ವರದಿಯ ಫಾರಮ್ಮಿನಲ್ಲಿ ಏನು ತುಂಬುತ್ತಾರೆ?

ಹೊರ ರಾಜ್ಯದವರನ್ನು ಬೈಯಲು ಇದೊಳ್ಳೆ ಜಾಗ ಎಂದು ತೋಳೇರಿಸಿದ ಗೆಳೆಯರೇ, ಸ್ವಲ್ಪ ತಡೆಯಿರಿ. ನಮ್ಮ ಹುಡುಗಿಯ ಜೊತೆ ಕಣ್ಣೂರಿನ ಮಲಯಾಳಿ ಹುಡುಗಿಯೊಬ್ಬಳಿದ್ದಾಳೆ. ಕಿರುಪುಸ್ತಕವೊಂದರಲ್ಲಿ ಮಲಯಾಳಂ ಲಿಪಿಯಲ್ಲಿ ಕನ್ನಡ ಬರೆದುಕೊಂಡು, ಆಯಾಗಳ ಹತ್ತಿರ ಉಚ್ಚಾರಣೆ ತಿದ್ದಿಸಿಕೊಂಡು, ಮೂರು ತಿಂಗಳಲ್ಲಿ "ಬಾಯಿ ಮುಕ್ಕಳಿಸಿ ಉಗುಳಿ ಅಜ್ಜ" ಎನ್ನುವಷ್ಟಾಗಿದ್ದಾಳೆ. ಅದೇ ವಾರ್ಡಿನಲ್ಲಿ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ನಮ್ಮವನೊಬ್ಬ "ಎಂಪ್ಟಿ ಸ್ಟೊಮಕ್‌ನಲ್ಲಿ ತಗೊಳ್ಳಿ, ಓಕೆನಾ ಆಂಟಿ?" ಎಂದು ಎದ್ದುಹೋಗುತ್ತಾನೆ. ಥೈರಾಯಿಡ್ ಮಾತ್ರೆಯದು. ಖಾಲಿ ಹೊಟ್ಟೆ ಎಂದರೆ ಕಾಫಿಯೂ ಇಲ್ಲದೆ, ನುಂಗಿ ಅರ್ಧ ಮುಕ್ಕಾಲು ಗಂಟೆ ಬಿಟ್ಟು ಕುಡಿಯಬೇಕು ಎಂದು ಆಂಟಿಗೆ ಗೊತ್ತಾಗುವುದು ಹೇಗೆ? ಇವರಿಬ್ಬರಲ್ಲಿ ಕನ್ನಡದ ಕೆಲಸ ಮಾಡಿದವರು ಯಾರು, ನೀವೇ ಹೇಳಿ.

ನಾಮಫಲಕದಲ್ಲಿ ಶೇಕಡಾ 60 ಕನ್ನಡ ಬೇಕೆಂದು 2023ರ ಡಿಸೆಂಬರಿನಲ್ಲಿ ಬೀದಿಗಿಳಿದರು. 2024ರಲ್ಲಿ ಕಾನೂನೂ ಆಯಿತು. ಸರಿಯೇ, ನಾನೂ ಭಿತ್ತಿಪತ್ರ ಅಚ್ಚು ಹಾಕಿಕೊಟ್ಟವನೇ. ಈಗ ಮೆಡಿಕಲ್ ಶಾಪಿನ ಬೋರ್ಡಿನಲ್ಲಿ ಕನ್ನಡವಿದೆ. ಒಳಗೆ ಹೋಗಿ ಮಾತ್ರೆಯ ಪಟ್ಟಿ ತಿರುಗಿಸಿ ನೋಡಿ: ಇಂಗ್ಲಿಷು, ಕೆಲವದರ ಮೇಲೆ ಹಿಂದಿ. ಕನ್ನಡ ನನ್ನ ಕಣ್ಣಿಗಂತೂ ಬಿದ್ದಿಲ್ಲ. ಡಾಕ್ಟರುಗಳು ಔಷಧದ ಹೆಸರನ್ನು ಓದುವ ಹಾಗೆ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕೆಂದು ವೈದ್ಯಕೀಯ ಮಂಡಳಿ 2016ರಲ್ಲೇ ಹೇಳಿತು. ಕೆಟ್ಟ ಕೈಬರಹ ಓದುವುದೇ ಹೊಟ್ಟೆಪಾಡಾದ ನನಗೇ ಇವತ್ತಿಗೂ ಅವರ ಚೀಟಿ ಓದಲು ಬರುವುದಿಲ್ಲ.

ಆರು ವರ್ಷದ ಕೋರ್ಸಿನಲ್ಲಿ ರೋಗಿಯ ಭಾಷೆಗೆ ಒಂದು ತಿಂಗಳು ಸಿಗಬಾರದೇ? ವಾರ್ಡಿಗೆ ಕಳಿಸುವ ಮುಂಚೆ ಮೂವತ್ತು ದಿನ ಕನ್ನಡ ಕಲಿಸಿ, ನಮ್ಮವರಿಗೂ ಹೊರಗಿನವರಿಗೂ. ಆಯಾಗಳನ್ನೇ ಮೇಷ್ಟರು ಮಾಡಿ, ಗೌರವಧನ ಕೊಡಿ. ದುಡಿಯುವ ಮಕ್ಕಳಿಗೆ ಸ್ಟೈಪೆಂಡ್ ಕೊಡಿ. ಓದು ಮುಗಿಸಿದವರನ್ನು ಜಿಲ್ಲಾ ಆಸ್ಪತ್ರೆಗಳ ವಾರ್ಡಿನಲ್ಲಿ ನಿಲ್ಲಿಸಿ. ಇಲ್ಲವಾದರೆ ನಮ್ಮ ಹುಡುಗಿಯ ಸೀನಿಯರುಗಳ ಹಾಗೆ ವಿಮೆ ಕಂಪನಿಯ ಕ್ಲೇಮ್ ನೋಡುತ್ತ ಕೂರುತ್ತಾರೆ. ಪಿಯುಸಿ ಮುಗಿಸಿ ಮೆಡಿಕಲ್ ಸೀಟು ಸಿಗಲಿಲ್ಲ ಎಂದು ಮೂಲೆಯಲ್ಲಿ ಕೂತ ಹುಡುಗ ಹುಡುಗಿಯರೇ, ಈ ಕೆಲಸವನ್ನೂ ಒಮ್ಮೆ ಕಣ್ಣೆತ್ತಿ ನೋಡಿ. ಪಿಯುಸಿಗೇ ಓದು ಬಿಟ್ಟು ಪ್ರೆಸ್ಸು ಸೇರಿದವನ ಮಾತು ಎಂದು ತಳ್ಳಿಹಾಕಬೇಡಿ.

ಕವರು ಆ ರಾತ್ರಿಯೇ ತಿದ್ದಿದೆವು. "ವಾರಕ್ಕೊಮ್ಮೆ" ಎಂಬುದು ಸಾಲದು ಎಂದಳು. ಏಳು ದಿನದ ಏಳು ಚೌಕ ಹಾಕಿ, ಒಂದಕ್ಕೆ ಪೆನ್ನಿನಲ್ಲಿ ಗುರುತು ಮಾಡುವಂತೆ ಜಾಗ ಬಿಟ್ಟು, ಕೆಳಗೆ "ಬೇರೆ ದಿನ ಬೇಡ" ಎಂದು ದಪ್ಪಕ್ಷರದಲ್ಲಿ ಹಾಕಿಸಿದಳು. ಸೂರ್ಯ ಚಂದ್ರರ ಚಿತ್ರವಿರುವ ಮಾಮೂಲಿ ಮಾತ್ರೆಯ ಕವರೂ ಒಂದಿದೆ. ಅದರಲ್ಲಿ "ಊಟ" ಎಂದಿದ್ದ ಕಡೆ "ತಿಂಡಿ/ಊಟ" ಎಂದು ಮಾಡಿಸಿದಳು. ಐದು ಸಾವಿರ ಅಚ್ಚಾಗಿ ಹೋಗಿವೆ. ಯಾವುದೇ ಆಸ್ಪತ್ರೆಯವರು, ಮೆಡಿಕಲ್ ಶಾಪಿನವರು ಬಂದರೆ ಆ ಎರಡು ಕವರಿನ ಫೈಲನ್ನು ಪುಕ್ಕಟೆ ಕೊಡುತ್ತೇನೆ. ನನ್ನ ಪ್ರೆಸ್ಸಿನಲ್ಲೇ ಹಾಕಿಸಬೇಕೆಂದಿಲ್ಲ. ಎಲ್ಲಿ ಹಾಕಿಸಿದರೂ ಪ್ರೂಫನ್ನು ಮಾತ್ರ ಔಷಧ ಬಲ್ಲವರಿಂದಲೇ ಓದಿಸಿ.