ತೂಕ ಇಳಿಸುವುದು ಮಗುವೊಬ್ಬನ ಕೆಲಸವೇ?

ನಮ್ಮ ಮದ್ರಸದ ಐದನೇ ತರಗತಿಯ ಹುಡುಗನೊಬ್ಬನ ತೂಕ ವಯಸ್ಸಿಗೆ ಮೀರಿತ್ತು. ಮಕ್ಕಳ ಡಾಕ್ಟರು ಏನು ತಿನ್ನಬೇಕೆಂದು ಚೀಟಿ ಬರೆದು, ತಿಂಗಳಿಗೊಮ್ಮೆ ಬರಲು ಹೇಳಿದರು. ಮನೆಯವರು ಎರಡು ಸಲ ಹೋದರು, ಮೂರನೇ ಸಲ ಇಲ್ಲ. ಕೇಳಿದರೆ ಉಮ್ಮ ಅಂದರು: "ಉಸ್ತಾದರೇ, ಒಂದು ಕೆಜಿಯೂ ಇಳಿಯಲಿಲ್ಲ. ಮತ್ತೆ ಯಾಕೆ ಹೋಗುವುದು?"

ಬೆಳೆಯುವ ಮಕ್ಕಳ ಲೆಕ್ಕ ದೊಡ್ಡವರ ಹಾಗಲ್ಲ. ಮಗು ಎತ್ತರ ಆಗುತ್ತಿರುವಾಗ ತೂಕ ಇದ್ದಲ್ಲೇ ನಿಂತರೂ ಅದು ಲಾಭವೇ. ಎಷ್ಟೋ ಮಕ್ಕಳಲ್ಲಿ ಡಾಕ್ಟರು ಬಯಸುವುದೂ ಅಷ್ಟನ್ನೇ. ಮೊದಲ ದಿನವೇ ಯಾರಾದರೂ ಬಿಡಿಸಿ ಹೇಳಿದ್ದರೆ ಆ ಉಮ್ಮ ನಿರಾಶರಾಗುತ್ತಿರಲಿಲ್ಲ.

ಇನ್ನೊಂದು ಕಾರಣ ಅಡುಗೆಮನೆಯಲ್ಲಿದೆ. ಹುಡುಗನಿಗೆ ಮಾತ್ರ ಸೌತೆಕಾಯಿ, ಉಳಿದವರಿಗೆ ಗೀರೈಸ್, ಕಬಾಬು. ಎಷ್ಟು ದಿನ ನಡೆದೀತು? ಶುಕ್ರವಾರದ ಬಿರಿಯಾನಿ ಬಿಡಿ ಅಂತ ನಾವು ಹೇಳುವುದಿಲ್ಲ, ಹೇಳಿದರೂ ಯಾರು ಕೇಳುತ್ತಾರೆ! ಆದರೆ ಸಂಜೆಯ ಬೇಕರಿ ಪಫ್ಸ್, ಫ್ರಿಜ್ಜಿನಲ್ಲಿರುವ ಬಾಟಲಿ ಜ್ಯೂಸ್, ಮತ್ತೆ ಮತ್ತೆ ತರಿಸುವ ಶವರ್ಮ ಮನೆಯ ಎಲ್ಲರಿಗೂ ಕಡಿಮೆಯಾಗಬೇಕು. ಗಲ್ಫಿನಲ್ಲಿರುವ ಉಪ್ಪ ವೀಡಿಯೊ ಕಾಲ್‌ನಲ್ಲಿ ಗದರಿಸಿ, ರಜೆಗೆ ಬರುವಾಗ ಪೆಟ್ಟಿಗೆ ತುಂಬ ಚಾಕಲೇಟು ತಂದರೆ ಮಗು ಯಾವುದನ್ನು ನಂಬಬೇಕು? ಹೊಟ್ಟೆಯ ಮೂರರಲ್ಲಿ ಒಂದು ಪಾಲು ಮಾತ್ರ ಆಹಾರಕ್ಕೆ ಎಂಬ ಪ್ರವಾದಿ(ಸ)ರ ಬೋಧನೆಯನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ, ಪರೀಕ್ಷೆಗೂ ಬರೆಸುತ್ತೇವೆ. ಅದು ಸುಫ್ರದ ಸುತ್ತ ಕೂತ ದೊಡ್ಡವರಿಗೆ ಅನ್ವಯಿಸುವುದಿಲ್ಲವೇ?

ನಮ್ಮ ತಪ್ಪೂ ಇದೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳಗ್ಗೆ ಮದ್ರಸ, ಆಮೇಲೆ ಶಾಲೆ, ಸಂಜೆ ಟ್ಯೂಷನ್. ಆ ಒಂದು ಗಂಟೆ ಎಲ್ಲಿದೆ? ಸ್ವಲ್ಪ ದೊಡ್ಡವರಾದ ಹೆಣ್ಣುಮಕ್ಕಳಿಗಂತೂ ಮನೆಯ ಅಂಗಳವೂ ಸಿಗುವುದಿಲ್ಲ. ತರಗತಿಯಲ್ಲಿ ಯಾರೋ ಆ ಹುಡುಗನನ್ನು "ಡುಮ್ಮ" ಅಂದಾಗ ನಾವೂ ನಕ್ಕಿದ್ದೆವು. ಡಾಕ್ಟರಲ್ಲಿಗೆ ಹೋಗುವುದೆಂದರೆ ಅವನಿಗೆ ನಾಚಿಕೆಯ ವಿಷಯ ಆದದ್ದರಲ್ಲಿ ನಮ್ಮ ಆ ನಗುವಿನ ಪಾಲೂ ಇದೆ. ಈಗ ಆ ಹೆಸರು ತರಗತಿಯಲ್ಲಿ ಯಾರೂ ಎತ್ತಬಾರದೆಂದು ಹೇಳಿದ್ದೇವೆ.

ಡಾಕ್ಟರಲ್ಲಿಗೆ ಹೋದ ದಿನ ಗೈರುಹಾಜರಿ ಹಾಕುವುದಿಲ್ಲವೆಂದೂ ತಿಳಿಸಿದ್ದೇವೆ. ಮೀಲಾದ್ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಬಣ್ಣದ ಜ್ಯೂಸಿನ ಬದಲು ಬಾಳೆಹಣ್ಣು ಕೊಡೋಣ ಎಂದು ಸಮಿತಿಯವರ ಮುಂದಿಟ್ಟಿದ್ದೇವೆ. ಬರಕತ್ತೇನೂ ಕಡಿಮೆಯಾಗದು. ಹುಡುಗನ ಉಮ್ಮ ಮುಂದಿನ ತಿಂಗಳು ಮತ್ತೆ ಹೋಗಲು ಒಪ್ಪಿದ್ದಾರೆ. ಈ ಸಲ ಅಜ್ಜಿಯೂ ಜೊತೆಗೆ ಹೋಗುತ್ತಾರೆ. ಅವನ ತಟ್ಟೆಗೆ ಬಡಿಸುವುದು ಅವರೇ ಅಲ್ಲವೇ.