ತಪ್ಪು ಕೈಯದಲ್ಲ, ಹಿಡಿಕೆಯದು



ಈ ಸಲ ನಿಮಗೆ ಹಪ್ಪಳ-ಸಂಡಿಗೆಯ ವಿಷಯ ಬರೆಯೋಣವೆಂದು ಕೂತಿದ್ದೆ. ಆದರೆ ಹೋದ ತಿಂಗಳು ನಮ್ಮ ಮನೆಗೆ ಬಂದು ಹದಿನೈದು ದಿನ ಇದ್ದು ಹೋದ ನನ್ನ ತಂಗಿಯ ಮಗಳು ನನ್ನ ತಲೆಯಲ್ಲಿ ಬೇರೆಯೇ ಹುಳ ಬಿಟ್ಟು ಹೋಗಿದ್ದಾಳೆ. ಹಪ್ಪಳ ಮುಂದಿನ ಸಂಚಿಕೆಗಿರಲಿ, ಇವತ್ತು ಇದನ್ನು ಕೇಳಿ.

ಹುಡುಗಿ ಬೆಂಗಳೂರಿನಲ್ಲಿ ಡಿಸೈನರ್. ಡಿಸೈನರ್ ಅಂದರೆ ಬ್ಲೌಸ್ ಹೊಲಿಯುವವಳು ಅಂತ ನಾನೂ ತಿಳಿದಿದ್ದೆ. ಹಾಗಲ್ಲವಂತೆ. ಕುರ್ಚಿ, ಮೇಜು, ಪಾತ್ರೆ, ಮೊಬೈಲ್ ಪರದೆಯ ಮೇಲಿನ ಚಿತ್ರ, ಏನೇ ಇರಲಿ, ಬಳಸುವವರಿಗೆ ಹೇಗಿದ್ದರೆ ಅನುಕೂಲ ಅಂತ ನೋಡಿ ಅದಕ್ಕೊಂದು ರೂಪ ಕೊಡುವ ಕೆಲಸ ಅವಳದು. ಅವಳ ಹತ್ತಿರ ಚೌಕುಳಿ ಹಾಳೆಯ ಒಂದು ನೋಟ್‌ಬುಕ್ ಇದೆ. ಅದರಲ್ಲಿ 'ಇವತ್ತು ಸಿಕ್ಕಿದ್ದು' ಅಂತ ದಿನಕ್ಕೊಂದಾದರೂ ವಸ್ತುವಿನ ಚಿತ್ರ ಬರೆದು ಪಕ್ಕದಲ್ಲಿ ಟಿಪ್ಪಣಿ ಹಾಕಬೇಕು. ನಮಗೆ ಸೋಮವಾರದ ವ್ರತವಿದ್ದ ಹಾಗೆ ಅವಳಿಗೆ ಅದೊಂದು ವ್ರತ.

ಬಂದ ಮೊದಲ ದಿನ ಅವಳಿಗೆ ಸಿಕ್ಕಿದ್ದೇನು ಹೇಳಿ? ನಮ್ಮ ಹಿತ್ತಾಳೆ ತಂಬಿಗೆ! ಮೇಲಿಂದ, ಕೆಳಗಿಂದ, ಪಕ್ಕದಿಂದ ನೋಡಿ ನೋಡಿ ಬರೆದಳು. ನಾನು ನಕ್ಕೆ. ಅವಳು ನಗಲಿಲ್ಲ. "ದೊಡ್ಡಮ್ಮ, ಅಮೆರಿಕದ ದೊಡ್ಡ ಡಿಸೈನರ್ ದಂಪತಿಗಳೇ ಇದಕ್ಕೆ ಕೈ ಮುಗಿದಿದ್ದಾರೆ" ಅಂದಳು. ಚಾರ್ಲ್ಸ್ ಮತ್ತು ರೇ ಈಮ್ಸ್ ಅಂತ ಅವರ ಹೆಸರು. ಕುರ್ಚಿಗಳಿಗೆ ಹೆಸರಾದವರು. ನಮ್ಮ ಸರ್ಕಾರ ಅವರನ್ನು ಕರೆಸಿತ್ತು. ಅವರು ದೇಶ ಸುತ್ತಿ 1958ರಲ್ಲಿ ಕೊಟ್ಟ ವರದಿಯಲ್ಲಿ, ತಾವು ಭಾರತದಲ್ಲಿ ಕಂಡ ವಸ್ತುಗಳಲ್ಲೆಲ್ಲ ನೀರಿನ ತಂಬಿಗೆಯನ್ನೇ ಬಹುವಾಗಿ ಹೊಗಳಿದರಂತೆ. ತುಂಬಿದಾಗ ತೂಕ ಎಲ್ಲಿ ಬೀಳುತ್ತದೆ, ಖಾಲಿಯಾದಾಗ ಹೇಗೆ ನಿಲ್ಲುತ್ತದೆ, ಸೊಂಟದ ಮೇಲೆ ಹೇಗೆ ಕೂರುತ್ತದೆ, ಬಗ್ಗಿಸಿದರೆ ನೀರು ಹೇಗೆ ಬೀಳುತ್ತದೆ, ಒಳಗೆ ಕೈ ಹಾಕಿ ತೊಳೆಯಲು ಬರುತ್ತದೆಯೇ, ಇಷ್ಟನ್ನೂ ಕೂತು ಯೋಚಿಸಿದ ಒಬ್ಬ ಮನುಷ್ಯನಿಲ್ಲ. ಎಷ್ಟೋ ತಲೆಮಾರಿನ ಕೈಗಳು ತಿದ್ದಿ ತಿದ್ದಿ ಮಾಡಿದ ರೂಪ ಅದು ಎಂಬುದು ಅವರ ಮಾತಿನ ಸಾರ. ಆ ವರದಿಯಿಂದಾಗಿಯೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ದಿನಾ ಹುಣಸೆಹಣ್ಣು ಹಾಕಿ ತಿಕ್ಕುವ ತಂಬಿಗೆಗೆ ಇಷ್ಟು ಮರ್ಯಾದೆ ಉಂಟೆಂದು ನನಗೇನು ಗೊತ್ತಿತ್ತು!

ಇಷ್ಟೇ ಆಗಿದ್ದರೆ ನಿಮಗೆ ಬರೆಯುತ್ತಿರಲಿಲ್ಲ. ಮೂರನೆಯ ದಿನ ಅವಳು ಕೇಳಿದ ಒಂದು ಮಾತು ನನ್ನನ್ನು ಚುಚ್ಚಿತು.

ಅದಕ್ಕೆ ಮೊದಲು ನಮ್ಮ ಅತ್ತೆಯವರ ವಿಷಯ ಹೇಳಬೇಕು. ಅವರು ಧಾರವಾಡದ ಕಡೆಯವರು. ಇಳಕಲ್ ಸೀರೆಯ ಮೇಲೆ ಅವರು ಹಾಕಿದ ಕಸೂತಿ ನೋಡಲು ಓಣಿಯವರೆಲ್ಲ ಬರುತ್ತಿದ್ದರು. ಅಡುಗೆಯಲ್ಲೂ ಅಷ್ಟೇ ಚುರುಕು. ಎರಡು ವರ್ಷದ ಕೆಳಗೆ ಅವರ ಬೆರಳಿನ ಗಂಟುಗಳು ಬಾತುಕೊಂಡವು. ಡಾಕ್ಟರು ಸಂಧಿವಾತ ಅಂದರು, ಮಾತ್ರೆ ನಡೆದಿದೆ. ಅಂದಿನಿಂದ ನಾನು, "ನೀವು ಸುಮ್ನ ಕೂಡ್ರಿ ಅತ್ತೆ, ನಾ ಮಾಡ್ಕೋತೀನಿ" ಅಂತ ಅವರ ಕೈಯಿಂದ ಒಂದೊಂದೇ ಕೆಲಸ ತೆಗೆದುಕೊಂಡೆ. ಎಲ್ಲರೂ, ಸೊಸೆ ಅಂದರೆ ಹೀಗಿರಬೇಕು ಅಂದರು. ನಾನೂ ಹಿಗ್ಗಿದೆ. ನಿಮ್ಮ ಮುಂದೆ ಮುಚ್ಚುಮರೆ ಏಕೆ? ಅವರ ನಿಧಾನದ ಕೈಯಿಂದ ನನ್ನ ಬೆಳಗಿನ ಕೆಲಸ ತಡವಾಗುತ್ತಿತ್ತು, ಅದೂ ಒಂದು ಕಾರಣ. ಕ್ರಮೇಣ ಅತ್ತೆಯವರು ಪಡಸಾಲೆಯ ಮೂಲೆಗೆ ಸರಿದರು. "ಇವತ್ತೇನು ಅಡಿಗಿ?" ಅಂತ ಕೇಳುವುದನ್ನೂ ಬಿಟ್ಟರು. ಅವರು ಮಾಡುತ್ತಿದ್ದ ಹೀರೇಕಾಯಿ ಸಿಪ್ಪೆಯ ಚಟ್ನಿ ಮನೆಯಲ್ಲಿ ನಿಂತೇ ಹೋಯಿತು. ವಯಸ್ಸಾಯಿತಲ್ಲ, ಹಾಗೇ ಅಂದುಕೊಂಡಿದ್ದೆ.

ಹುಡುಗಿ ಕೇಳಿದಳು, "ದೊಡ್ಡಮ್ಮ, ಅಜ್ಜಿ ಯಾಕೆ ಅಡುಗೆಮನೆಗೆ ಬರೋದಿಲ್ಲ?"

"ಕೈ ನೋವು ಕಣೇ, ಹಿಡಿಯೋಕಾಗಲ್ಲ."

"ಏನನ್ನ ಹಿಡಿಯೋಕಾಗಲ್ಲ?"

ನನಗೆ ಉತ್ತರ ತಿಳಿಯಲಿಲ್ಲ. ಎರಡು ವರ್ಷದಲ್ಲಿ ನಾನು ಈ ಪ್ರಶ್ನೆಯನ್ನೇ ಕೇಳಿರಲಿಲ್ಲವಲ್ಲ! ಅವಳು ಅಡುಗೆಮನೆಯ ಸಾಮಾನನ್ನೆಲ್ಲ ಒಂದು ಬುಟ್ಟಿಯಲ್ಲಿ ಹಾಕಿಕೊಂಡು ಅಜ್ಜಿಯ ಮುಂದೆ ಕೂತು ಒಂದೊಂದಾಗಿ ಕೈಗೆ ಕೊಟ್ಟಳು. ತೆಳ್ಳನೆಯ ಚಾಕು ಜಾರಿತು. ತಗಡಿನ ಹಿಡಿಯ ಪೀಲರ್ ಬಿದ್ದೇಹೋಯಿತು. ಚಮಚವೂ ನಿಲ್ಲಲಿಲ್ಲ. ಆದರೆ ಲಟ್ಟಣಿಗೆ? ಭದ್ರವಾಗಿ ಹಿಡಿದರು. ಒರಳಿನ ಗುಂಡನ್ನೂ ಹಿಡಿದರು. ನೋಡಿ ಸೋದರಿಯರೇ, ದಪ್ಪಗಿದ್ದದ್ದು ಕೈಯಲ್ಲಿ ನಿಲ್ಲುತ್ತದೆ, ತೆಳ್ಳಗಿದ್ದದ್ದು ನಿಲ್ಲುವುದಿಲ್ಲ. ಗಂಟು ಬಾತ ಬೆರಳು ಪೂರ್ತಿ ಮಡಚಲಾರದು, ಅಷ್ಟೇ ಅದರ ಕಷ್ಟ. ಹುಡುಗಿ ನೋಟ್‌ಬುಕ್ಕಿನಲ್ಲಿ, 'ತಪ್ಪು ಕೈಯದಲ್ಲ, ಹಿಡಿಕೆಯದು' ಅಂತ ಬರೆದಳು.

ಇದೇ ಸಂಗತಿ ಅಮೆರಿಕದಲ್ಲೂ ಒಬ್ಬರ ಮನೆಯಲ್ಲಿ ನಡೆದಿತ್ತಂತೆ. ಸ್ಯಾಮ್ ಫಾರ್ಬರ್ ಎಂಬುವರು ಪಾತ್ರೆ-ಪಡಗದ ವ್ಯಾಪಾರ ಮಾಡಿ ನಿವೃತ್ತರಾದವರು. ಅವರ ಹೆಂಡತಿ ಬೆಟ್ಸಿಯವರಿಗೆ ಕೈಯಲ್ಲಿ ಸಂಧಿವಾತ. ಸೇಬಿನ ಸಿಪ್ಪೆ ತೆಗೆಯಲು ಅವರು ಪಡುತ್ತಿದ್ದ ಪಾಡಿನಿಂದಲೇ, ದಪ್ಪನೆಯ ಮೆತ್ತನೆಯ ಕಪ್ಪು ಹಿಡಿಕೆಯ ಪೀಲರ್ ಹುಟ್ಟಿತು. 1990ರಲ್ಲಿ ಆಕ್ಸೋ ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು. ನೋವಿರುವವರಿಗೆಂದು ಮಾಡಿದ್ದು ನೋವಿಲ್ಲದವರಿಗೂ ಹಿತವಾಯಿತು. ಈಗ ಆ ಪೀಲರ್ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂನಲ್ಲಿದೆ!

ನಾವು ಮ್ಯೂಸಿಯಂಗೆ ಹೋಗಬೇಕಾಗಿಲ್ಲ, ಸೈಕಲ್ ಅಂಗಡಿಗೆ ಹೋದರೆ ಸಾಕು. ಹುಡುಗಿ ಮಾಡಿದ ಉಪಾಯ ಹೀಗಿದೆ, ಬೇಕಾದವರು ಮಾಡಿ ನೋಡಿ. ಸೈಕಲ್ ಹ್ಯಾಂಡಲ್ಲಿಗೆ ಹಾಕುವ ರಬ್ಬರ್ ಹಿಡಿ ಹೊಸದೊಂದು ಜೊತೆ ತನ್ನಿ. ಪೀಲರಿನ ಉದ್ದನೆಯ ಹಿಡಿಗೆ ಹಳೆಯ ಹತ್ತಿ ಬಟ್ಟೆಯ ಪಟ್ಟಿಯನ್ನು ಬಿಗಿಯಾಗಿ ಸುತ್ತಿ. ರಬ್ಬರಿನ ಒಳಗೆ ಸೋಪಿನ ನೀರು ಸವರಿ, ಅದನ್ನು ಮೇಲಿನಿಂದ ತಿರುಗಿಸುತ್ತ ಏರಿಸಿ. ಒಂದು ರಾತ್ರಿ ಒಣಗಲು ಬಿಡಿ. ಎಳೆದರೆ ಬರಬಾರದು, ಅಷ್ಟು ಬಿಗಿಯಿರಬೇಕು. ವಾರಕ್ಕೊಮ್ಮೆ ಬಿಚ್ಚಿ ತೊಳೆದು ಬಟ್ಟೆ ಬದಲಿಸಿ. ಚಮಚಕ್ಕೂ ಹೀಗೇ ಮಾಡಬಹುದು. ಒಲೆಯ ಹತ್ತಿರ ಹೋಗುವ ಸೌಟಿಗೆ ಮಾತ್ರ ರಬ್ಬರ್ ಬೇಡ. ಹೆಚ್ಚುವ ಹಲಗೆಯ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಅದು ಜರುಗುವುದಿಲ್ಲ, ಇನ್ನೊಂದು ಕೈಗೆ ಶ್ರಮ ಕಡಿಮೆ.

ಹಿಡಿ ಸರಿಹೋಯಿತು, ಇನ್ನು ಕೂರುವುದೆಲ್ಲಿ? ಮೊದಲಿನ ಹಾಗೆ ನೆಲದ ಮೇಲೆ ಈಳಿಗೆ ಮುಂದೆ ಕೂರಲು ಅತ್ತೆಯವರ ಮೊಣಕಾಲು ಒಪ್ಪದು. ನಿಂತು ಕೆಲಸ ಮಾಡಲು ಕಟ್ಟೆ ಎತ್ತರ. ನಮ್ಮ ಮನೆ ಕಟ್ಟುವಾಗ ಗೌಂಡಿ ಯಾರನ್ನೂ ಕೇಳದೆ ಅಡುಗೆ ಕಟ್ಟೆ ಎಬ್ಬಿಸಿದ್ದ. ನಿಮ್ಮ ಮನೆಯಲ್ಲಿ ಕೇಳಿದ್ದರೇ?

ಆಗ ಹುಡುಗಿ ಇನ್ನೊಬ್ಬ ಹೆಂಗಸಿನ ಕಥೆ ಹೇಳಿದಳು. ಆಸ್ಟ್ರಿಯಾ ದೇಶದ ಮಾರ್ಗರೆಟ್ ಶುಟೆ-ಲಿಹೋಟ್ಸ್ಕಿ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಕೆಲಸಗಾರರಿಗೆ ಕಟ್ಟುತ್ತಿದ್ದ ಮನೆಗಳಿಗೆ ಅಡುಗೆಮನೆಯ ನಕ್ಷೆ ಮಾಡಿದವರು. ಸುಮಾರು ಆರು ಅಡಿ ಅಗಲ, ಹನ್ನೊಂದು ಅಡಿ ಉದ್ದ, ಅಷ್ಟರಲ್ಲೇ ಎಲ್ಲ. ರೈಲಿನ ಊಟದ ಡಬ್ಬಿಯ ಅಡುಗೆಮನೆ ನೋಡಿ ಕಲಿತದ್ದಂತೆ. ಕಿಟಕಿಯ ಬೆಳಕಿಗೆ ಹೆಚ್ಚುವ ಮೇಜು, ಅದರಲ್ಲೇ ಕಸ ತಳ್ಳಲು ಒಂದು ಡ್ರಾಯರು, ಕೂತು ಕೆಲಸ ಮಾಡಲು ಎತ್ತರ ತಗ್ಗು ಮಾಡಬಹುದಾದ ಸ್ಟೂಲು, ಅಕ್ಕಿ-ಸಕ್ಕರೆಗೆ ಅಲ್ಯೂಮಿನಿಯಂ ಡಬ್ಬಗಳು. ಸುಮಾರು 10,000 ಮನೆಗಳಿಗೆ ಅಂಥ ಅಡುಗೆಮನೆ ಹಾಕಿದರು. ಇಂದಿನ ಮಾಡ್ಯುಲರ್ ಕಿಚನ್ನಿಗೆ ಅದೇ ಅಜ್ಜಿ. ಒಂದು ಕೊರತೆ ಮಾತ್ರ ಉಳಿಯಿತು: ಅದರಲ್ಲಿ ಒಬ್ಬಳು ನಿಂತರೆ ಇನ್ನೊಬ್ಬಳಿಗೆ ಜಾಗವಿಲ್ಲ. ಹೆಂಗಸನ್ನು ಒಂಟಿ ಮಾಡಿತು ಅಂತ ಮುಂದೆ ಟೀಕೆಯೂ ಬಂತು.

ಅದನ್ನು ಕೇಳಿದಾಗ ನನಗೆ ನಮ್ಮ ಮನೆಯೇ ಕಣ್ಣ ಮುಂದೆ ಬಂತು. ಇಬ್ಬರು ನಿಲ್ಲುವಷ್ಟು ಜಾಗವಿದ್ದೂ ನಾನೊಬ್ಬಳೇ ನಿಂತಿದ್ದೆನಲ್ಲ!

ನಮ್ಮವರಿಗೆ ಹೇಳಿ ಬಡಿಗೇರನನ್ನು ಕರೆಸಿದೆವು. ಕಿಟಕಿಯ ಕೆಳಗೆ ಒಂದು ಹಲಗೆ, ಮುಂದೆ ಬೆನ್ನಾನಿಕೆ ಇರುವ ಸ್ಟೂಲು. ಅಳತೆ ಕೊಟ್ಟವಳು ನಾನು. ಕೂತು ತೋರಿಸಿದವಳೂ ನಾನೇ! ಬಂದಮೇಲೆ ಅತ್ತೆಯವರು ಕೂತರೆ ಅವರ ಕಾಲು ನೆಲಕ್ಕೆ ಮುಟ್ಟಲಿಲ್ಲ. ಹುಡುಗಿ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದಳು. ಸ್ಟೂಲಿನ ಕಾಲನ್ನು ಎರಡಂಗುಲ ಕುಯ್ಯಿಸಿ, ಹಲಗೆಯನ್ನೂ ಅಷ್ಟೇ ತಗ್ಗಿಸಿದೆವು. ನೀವು ಮಾಡಿಸುವುದಾದರೆ ಯಾರು ಕೂರುತ್ತಾರೋ ಅವರನ್ನೇ ಕೂರಿಸಿ ಅಳೆಯಿರಿ. ಪಾದ ನೆಲಕ್ಕೆ ಪೂರ್ತಿ ತಾಗಬೇಕು. ತೋಳು ಇಳಿಬಿಟ್ಟು ಮೊಣಕೈ ಮಡಚಿದರೆ, ಅದಕ್ಕಿಂತ ಅರ್ಧ ಗೇಣು ಕೆಳಗೆ ಹಲಗೆ ಬರಬೇಕು. ನಿಂತು ಕೆಲಸ ಮಾಡುವ ಕಟ್ಟೆಗೂ ಇದೇ ಲೆಕ್ಕ.

ಇನ್ನು ಮೊಬೈಲಿನ ಸಂಗತಿ. ಪುಣೆಯಲ್ಲಿರುವ ನಾದಿನಿ ಅಮ್ಮನಿಗೆಂದೇ ಫೋನು ಕೊಡಿಸಿದ್ದಾಳೆ. ಆದರೆ ಪರದೆಯ ತುಂಬ ಸಾಸಿವೆ ಚೆಲ್ಲಿದ ಹಾಗೆ ಚಿಕ್ಕ ಚಿತ್ರಗಳು. ಎರಡು ಸಲ ಯಾರಿಗೋ ಫೋನ್ ಹೋಗಿ ಬೈಸಿಕೊಂಡು, ಅತ್ತೆಯವರು ಅದನ್ನು ಕಪಾಟಿನಲ್ಲಿಟ್ಟುಬಿಟ್ಟಿದ್ದರು. ಹುಡುಗಿ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇಗೆ ಹೋಗಿ ಅಕ್ಷರ ದೊಡ್ಡದು ಮಾಡಿದಳು. ಮೊದಲ ಪುಟದಲ್ಲಿ ಮೂರೇ ಚಿತ್ರ ಉಳಿಸಿದಳು: ಫೋನು, ಮಗಳ ಫೋಟೋ, ದೇವರ ಹಾಡು. ಫೋಟೋ ಒತ್ತಿದರೆ ಮಗಳಿಗೇ ಹೋಗುತ್ತದೆ.

ಈ ಪುಟ್ಟ ಚಿತ್ರಗಳನ್ನು ಯಾರು ಬರೆಯುತ್ತಾರೆ ಅಂತ ಅತ್ತೆಯವರು ಕೇಳಿದರು. ಹುಡುಗಿ ಸೂಸನ್ ಕೇರ್ ಎಂಬ ಅಮೆರಿಕದ ಕಲಾವಿದೆಯ ಕಥೆ ಹೇಳಿದಳು. 1984ರಲ್ಲಿ ಬಂದ ಆಪಲ್ ಕಂಪನಿಯ ಮ್ಯಾಕಿಂತೋಷ್ ಕಂಪ್ಯೂಟರಿಗೆ ಚಿತ್ರ ಬರೆದವರು. ಅವರ ಸಾಧನ ಚೌಕುಳಿ ಹಾಳೆ. ಅಡ್ಡ 32 ಮನೆ, ಉದ್ದ 32 ಮನೆ, ಒಂದೊಂದೇ ಮನೆ ತುಂಬಿ ನಗುವ ಕಂಪ್ಯೂಟರ್, ಕಸದ ಬುಟ್ಟಿ ಬಿಡಿಸಿದರು. ಮೊದಲೇ ಸೂಜಿ ಕೆಲಸ ಮಾಡಿ ರೂಢಿಯಿದ್ದದ್ದರಿಂದ ಅದು ತಮಗೆ ಹೊಸದೆನಿಸಲಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. ಹುಡುಗಿ ತನ್ನ ಹಾಳೆಯ ಮೇಲೆ ಹಾಗೇ ಒಂದು ಚಿತ್ರ ಬರೆದು ತೋರಿಸಿದಳು.

ಅತ್ತೆಯವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇದು ಕಸೂತಿನ ಅಲ್ಲೇನ? ನಾವೂ ಹಿಂಗ ಎಳಿ ಎಣಿಸೇ ಹಾಕ್ತಿದ್ವಿ" ಅಂದರು. ಎದ್ದು ಹೋಗಿ ಟ್ರಂಕಿನಿಂದ ಹಳೆಯ ಸೀರೆ ತಂದರು. ಗೋಪುರ, ತೇರು, ಆನೆ, ತುಳಸಿ ವೃಂದಾವನ. ಬಟ್ಟೆಯ ಮೇಲೆ ಗೆರೆ ಬರೆಯದೆ, ಎಳೆ ಎಣಿಸಿಯೇ ಹಾಕಿದ್ದು. ಇದು ಗವಂತಿ, ಎರಡೂ ಕಡೆ ಒಂದೇ ಥರ ಕಾಣಬೇಕು, ಇದು ಮುರ್ಗಿ, ಇದು ಮೆಂತಿ ಅಂತ ಬಾತ ಬೆರಳಿನಿಂದಲೇ ತೋರಿಸಿದರು. ಆ ರಾತ್ರಿ ಅಜ್ಜಿ ಮೊಮ್ಮಗಳು ಹನ್ನೊಂದರವರೆಗೆ ಕೂತರು. ಅಜ್ಜಿ ಎಣಿಸಿ ಹೇಳುವುದು, ಮೊಮ್ಮಗಳು ಚೌಕುಳಿ ತುಂಬುವುದು. ಈಗ ಅವಳ ನೋಟ್‌ಬುಕ್ಕಿನಲ್ಲಿ ಏಳು ಪುಟ ಕಸೂತಿಯಿದೆ. ಸೂಜಿ ಹಿಡಿಯಲಾಗದ ಕೈಯಿಂದ ವಿದ್ಯೆ ಹೋಗಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅತ್ತೆಯವರು ಕಿಟಕಿಯ ಹಲಗೆಯ ಮುಂದೆ ಕೂತು, ಸೈಕಲ್ ಹಿಡಿಯ ಪೀಲರಿನಿಂದ ಹೀರೇಕಾಯಿಯ ಸಿಪ್ಪೆ ತೆಗೆಯುತ್ತಿದ್ದರು. ನಿಧಾನವಾಗಿ, ನಿಜ. ನಾನು ಅಭ್ಯಾಸಬಲದಿಂದ, "ಬಿಡ್ರಿ ಅತ್ತೆ, ನಾ ಮಾಡ್ತೀನಿ" ಅಂದುಬಿಟ್ಟೆ. ಅವರು ತಲೆಯೆತ್ತಲಿಲ್ಲ.

"ಕೂಡಿಸಿ ಉಣಿಸಿದ್ರ ಸಾಕೇನವಾ? ಕೆಲಸ ಕಸಗೊಂಡ್ರ ಮನುಷ್ಯಾ ಅರ್ಧ ಸತ್ತಂಗ" ಅಂದರು. ಎರಡು ವರ್ಷ ನುಂಗಿಕೊಂಡಿದ್ದ ಮಾತು. ನಾನು ಸುಮ್ಮನೆ ಹೋಗಿ ಒಲೆ ಹಚ್ಚಿದೆ. ಕಣ್ಣು ಒರೆಸಿಕೊಂಡದ್ದು ಹೊಗೆಗಲ್ಲ, ಗ್ಯಾಸ್ ಒಲೆಗೆ ಹೊಗೆಯೆಲ್ಲಿ?

ಸೋದರಿಯರೇ, ಕೈನೋವಿಗೆ ವೈದ್ಯರ ಔಷಧ ಬಿಡಬೇಡಿ. ಆದರೆ ಮನೆಯಲ್ಲಿ ಯಾರಾದರೂ, 'ನನ್ನ ಕೈಲಾಗದು' ಅಂದರೆ ಕೂಡಲೇ ಕೆಲಸ ಕಸಿದುಕೊಳ್ಳಬೇಡಿ. ಏನು ಆಗದು, ಎಲ್ಲಿ ಜಾರುತ್ತದೆ, ಎಷ್ಟು ಎತ್ತರವಾದರೆ ಸರಿ ಅಂತ ಒಮ್ಮೆ ಕೇಳಿ. ಅದಕ್ಕೆ ಡಿಸೈನರ್ ಆಗಬೇಕಿಲ್ಲ, ಎದುರಿಗೆ ಹತ್ತು ನಿಮಿಷ ಕೂತರೆ ಸಾಕು.

ಅತ್ತೆಯವರ ಚಟ್ನಿಯನ್ನು ಹೇಳದೆ ಹೋದರೆ ನೀವು ಬಿಡುತ್ತೀರಾ? ಎರಡು ಎಳೆಯ ಹೀರೇಕಾಯಿಯ ಸಿಪ್ಪೆ ತೊಳೆದು ಹೆಚ್ಚಿ, ಎರಡು ಚಮಚ ಎಣ್ಣೆಯಲ್ಲಿ ನಾಲ್ಕು ಹಸಿಮೆಣಸಿನಕಾಯಿಯ ಜೊತೆ ಬಾಡುವವರೆಗೆ ಹುರಿಯಿರಿ. ಹುರಿದ ಶೇಂಗಾ ಒಂದು ಹಿಡಿ, ಎಳ್ಳು ಒಂದು ಚಮಚ, ಚೂರು ಹುಣಸೆಹಣ್ಣು, ಚೂರು ಬೆಲ್ಲ, ಉಪ್ಪು ಸೇರಿಸಿ ತರಿತರಿಯಾಗಿ ರುಬ್ಬಿ, ಸಾಸಿವೆ-ಕರಿಬೇವಿನ ಒಗ್ಗರಣೆ ಕೊಡಿ. ಬಿಸಿ ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿನ್ನಿ.

ನಾನು ಎಷ್ಟು ಸಲ ಮಾಡಿದರೂ ಅತ್ತೆಯವರ ರುಚಿ ಬಂದಿರಲಿಲ್ಲ. ಎಳ್ಳನ್ನು ಬೇರೆಯಾಗಿ ಹುರಿದು ಕೊನೆಗೆ ಹಾಕಬೇಕಂತೆ, ಅದನ್ನು ಮೊನ್ನೆ ಪಕ್ಕದಲ್ಲಿ ಕೂತು ಹೇಳಿಕೊಟ್ಟರು. ನಿಮ್ಮ ಮನೆಯ ಹಿರಿಯರಿಗೆ ನೀವು ಮಾಡಿಕೊಟ್ಟ ಇಂಥ ಉಪಾಯಗಳಿದ್ದರೆ ಬರೆದು ತಿಳಿಸಿ. ಹಪ್ಪಳದೊಡನೆ ಮುಂದಿನ ಸಂಚಿಕೆಯಲ್ಲಿ ಸಿಗೋಣ.