ಗೆದ್ದವನು ಸೋತ, ಸೋತವನು ಸತ್ತ

ನ್ಯಾಯಸ್ಥಾನದ ವ್ಯಾಜ್ಯಗಳನ್ನು ಕಂಡು ಬೇಸತ್ತ ನಮ್ಮ ಹಿರಿಯರು 'ಗೆದ್ದವನು ಸೋತ, ಸೋತವನು ಸತ್ತ' ಎಂದು ಹೇಳಿಟ್ಟಿರುವರು. ವಕೀಲಿಯಲ್ಲಿ ಕೂದಲು ನರೆಸಿಕೊಂಡ ನಾವು ಈ ಮಾತಿನ ಸತ್ಯವನ್ನು ಬಲ್ಲೆವು. ವೃತ್ತಪತ್ರಿಕೆಗಳಿಗೂ ಅದು ಅನ್ವಯಿಸುವದೆಂಬದಕ್ಕೆ ಅಮೇರಿಕೆಯ ಕೊಲೊರಾಡೊ ಪ್ರಾಂತದ ಡೆನ್ವರ್ ನಗರವೇ ಸಾಕ್ಷಿಯಾಗಿದೆ.

1859ನೆಯ ಏಪ್ರಿಲ್ 23ರಂದು, ಊರು ಇನ್ನೂ ನೆಲೆಗೊಳ್ಳುವ ಮೊದಲೇ, ಅಲ್ಲಿ ಎರಡು ಪತ್ರಿಕೆಗಳು ಹುಟ್ಟಲು ಪೈಪೋಟಿ ನಡೆಸಿದವು. ವಿಲಿಯಂ ಬಯರ್ಸ್ ಎಂಬವರ 'ರಾಕಿ ಮೌಂಟನ್ ನ್ಯೂಸ್' ಸುಮಾರು 20 ನಿಮಿಷ ಮುಂಚಿತವಾಗಿ ಹೊರಬಿದ್ದಿತು. ಸೋತವನು ತನ್ನ ಮುದ್ರಣಯಂತ್ರವನ್ನು ಗೆದ್ದವನಿಗೇ ಮಾರಿ ಕೈತೊಳೆದುಕೊಂಡನು. ಮುಂದೆ 1892ರಲ್ಲಿ 'ಡೆನ್ವರ್ ಪೋಸ್ಟ್' ತಲೆಯೆತ್ತಿತು. ನೂರು ವರ್ಷಕ್ಕೂ ಮಿಕ್ಕಿ ಈ ಎರಡು ಪತ್ರಿಕೆಗಳು ಒಂದನ್ನೊಂದು ನಿದ್ರಿಸಗೊಡಲಿಲ್ಲ. 1999ರಲ್ಲಿ ಸಮೀಪದ ಕೊಲಂಬೈನ್ ಶಾಲೆಯಲ್ಲಿ ಘೋರ ಹತ್ಯಾಕಾಂಡವು ನಡೆದಾಗ, ಬಾತ್ಮಿಗಾಗಿ ಪೋಸ್ಟ್ ಪತ್ರಿಕೆಗೂ ಛಾಯಾಚಿತ್ರಗಳಿಗಾಗಿ ರಾಕಿ ಪತ್ರಿಕೆಗೂ ಮರುವರ್ಷ ಪುಲಿಟ್ಜರ್ ಪಾರಿತೋಷಕಗಳು ದೊರೆತವು. ಒಂದೇ ನಗರದ ಇಬ್ಬರು ಪ್ರತಿಸ್ಪರ್ಧಿಗಳಿಗೆ ಒಂದೇ ವರ್ಷ ಈ ಮನ್ನಣೆ! ಸ್ಪರ್ಧೆಯ ಫಲವನ್ನು ಇನ್ನು ಬೇರೆ ವಿವರಿಸಬೇಕೆ?

ಆದರೆ ಸ್ಪರ್ಧೆಯಲ್ಲಿಯೂ ಸುಮಾರ್ಗ-ದುರ್ಮಾರ್ಗಗಳುಂಟು. ಅದೇ ಕಾಲದಲ್ಲಿ ಈ ಪತ್ರಿಕೆಗಳು ಬೆಲೆಯ ಯುದ್ಧಕ್ಕಿಳಿದು, ದಿನಕ್ಕೆ ಒಂದು ಸೆಂಟಿನಂತೆ ಚಂದಾ ಮಾರಿದವು. ಬಾತ್ಮಿಯಿಂದ ಓದುಗರನ್ನು ಗೆಲ್ಲುವ ಬದಲು ಅಗ್ಗದಿಂದ ಗೆಲ್ಲಹೊರಟವರ ಬೊಕ್ಕಸವು ಬರಿದಾಗದೆ ಇದ್ದೀತೆ? 2001ರಲ್ಲಿ ಸರಕಾರದ ಅನುಮತಿಯಿಂದ ಮಾರಾಟ-ಜಾಹೀರಾತುಗಳ ವ್ಯವಹಾರವನ್ನು ಒಂದುಗೂಡಿಸಿ, ಸಂಪಾದಕೀಯ ವಿಭಾಗಗಳನ್ನು ಮಾತ್ರ ಬೇರೆ ಇಟ್ಟುಕೊಂಡರು. ಅಷ್ಟರಲ್ಲಿ ಅಂತರ್ಜಾಲವು ಕಿರುಜಾಹೀರಾತುಗಳ ಆದಾಯವನ್ನು ಕಿತ್ತುಕೊಂಡಿತು. 2008ರ ಡಿಸೆಂಬರದಲ್ಲಿ ಮಾರಾಟಕ್ಕಿಟ್ಟ ರಾಕಿ ಪತ್ರಿಕೆಯನ್ನು ಕೊಳ್ಳುವವರೇ ಸಿಗಲಿಲ್ಲ. 2009ರ ಫೆಬ್ರುವರಿ 27ರಂದು, 150 ವರ್ಷ ತುಂಬಲು ಎರಡು ತಿಂಗಳೂ ಉಳಿದಿರದಾಗ, ಅದರ ಕೊನೆಯ ಸಂಚಿಕೆಯು ಹೊರಟಿತು.

ಸೋತವನು ಸತ್ತನು, ಗೆದ್ದವನ ಗತಿಯೇನಾಯಿತು? ಇಡಿಯ ನಗರವೇ ತನ್ನದಾದ ಪೋಸ್ಟ್ ಕೊಬ್ಬಬೇಕಾಗಿದ್ದಿತಲ್ಲವೆ? ಹಾಗಾಗಲಿಲ್ಲ. ಅದರ ಹಿಡಿತವು ಆಲ್ಡೆನ್ ಎಂಬ ಹಣಹೂಡಿಕೆಯ ಸಂಸ್ಥೆಯ ಕೈಸೇರಿತು. ಸಿಬ್ಬಂದಿಯನ್ನು ಮೇಲಿಂದ ಮೇಲೆ ಕಡಿಮೆ ಮಾಡಲಾಯಿತು. 2018ರಲ್ಲಿ ಇನ್ನೂ 30 ಮಂದಿಯನ್ನು ತೆಗೆಯುವ ಆಜ್ಞೆ ಬಂದಾಗ, ಆ ಪತ್ರಿಕೆಯ ಸಂಪಾದಕೀಯವೇ ತನ್ನ ಧಣಿಗಳನ್ನು ರಣಹದ್ದುಗಳಿಗೆ ಹೋಲಿಸಿ ಖಂಡಿಸಿತು. ಆ ಧೈರ್ಯಕ್ಕೆ ನಾವು ತಲೆಬಾಗುವೆವು. ಆದರೆ ಎದುರಾಳಿ ಬದುಕಿದ್ದರೆ ಧಣಿಗಳು ಇಷ್ಟು ನಿರ್ಭಯರಾಗುತ್ತಿದ್ದರೆ? ಪತ್ರಿಕೆಯನ್ನು ಬಡಕಲು ಮಾಡಿದರೆ ಓದುಗರು ಮಗ್ಗುಲಮನೆಯ ಪತ್ರಿಕೆಗೆ ಹೋದಾರೆಂಬ ಅಂಜಿಕೆಯೇ ಸಂಪಾದಕನ ಬಲವಾಗಿರುವದು.

ನ್ಯಾಯಸ್ಥಾನದಲ್ಲಿ ಸಾಕ್ಷಿಯ ಮಾತು ಪಾಟೀಸವಾಲಿನಲ್ಲಿ ನಿಂತ ಮೇಲೆಯೇ ಬೆಲೆಯುಳ್ಳದ್ದಾಗುವದು. ಒಂದು ಪತ್ರಿಕೆ ಹೇಳಿದ್ದನ್ನು ಇನ್ನೊಂದು ಪರೀಕ್ಷಿಸುವದೇ ನಗರದ ಪಾಟೀಸವಾಲು. ನಗರಸಭೆಯ ಗುತ್ತಿಗೆಯ ಲೆಕ್ಕವನ್ನು ಒಬ್ಬ ಬಾತ್ಮಿದಾರನು ಮುಚ್ಚಿಟ್ಟರೆ, ಇನ್ನೊಬ್ಬನು ಅದನ್ನು ಬಿಚ್ಚಿಡುವನು. ಒಂದೇ ಪತ್ರಿಕೆಯಿರುವ ಊರಿನಲ್ಲಿ ಪ್ರಜೆಗಳಿಗೆ ದೊರೆಯುವದು ಏಕಪಕ್ಷೀಯ ತೀರ್ಪು; ಒಂದೂ ಇಲ್ಲದ ಊರಿನಲ್ಲಿ ವಿಚಾರಣೆಯೇ ಇಲ್ಲ.

ಡೆನ್ವರಿನ ಕಥೆಯು ಅಲ್ಲಿಗೇ ಮುಗಿಯಲಿಲ್ಲವೆಂಬದು ಸಮಾಧಾನದ ವಿಷಯ. 2018ರಲ್ಲಿಯೇ ಪೋಸ್ಟ್ ಬಿಟ್ಟುಬಂದ ಪತ್ರಕರ್ತರು 'ಕೊಲೊರಾಡೊ ಸನ್' ಎಂಬ ಅಂತರ್ಜಾಲ ಪತ್ರಿಕೆಯನ್ನು ಸ್ಥಾಪಿಸಿ, ಓದುಗರ ಹಣದ ಮೇಲೆ ಭರವಸೆಯಿಟ್ಟು ನಡೆದರು. ಇದರಲ್ಲಿ ನಮಗೂ ಪಾಠವಿರುವದು. ಒಂದು ಕಪ್ಪು ಚಹದ ಬೆಲೆಯನ್ನೂ ಪತ್ರಿಕೆಗೆ ಕೊಡಲು ಹಿಂಜರಿದು, ಬಳಿಕ 'ಊರಿನ ಅನ್ಯಾಯವನ್ನು ಯಾರೂ ಬರೆಯುವದಿಲ್ಲ' ಎಂದು ಹಲುಬಿದರೆ ಪ್ರಯೋಜನವೇನು? ವಾಚಕ ಮಹಾಶಯರೇ, ನಿಮ್ಮ ಊರಿನ ಪತ್ರಿಕೆಯನ್ನು ಹಣ ಕೊಟ್ಟು ಓದಿರಿ. ಸಾಧ್ಯವಾದರೆ ಅದರ ಎದುರಾಳಿಯನ್ನೂ ಕೊಳ್ಳಿರಿ.